ಗವಿಯಿಂದ ಬಂದ ಅಕ್ಷರ

ಕಂಪ್ಯೂಟರಿನ ಫಾಂಟ್ ಪಟ್ಟಿಯಲ್ಲಿ ಹೆಸರಿನ ಕೊನೆಗೆ ‘ಗ್ರೊಟೆಸ್ಕ್’ ಎಂದು ಕಂಡಾಗಲೆಲ್ಲ ನನಗೆ ರೋಮಿನ ನೆಲದಡಿಯ ಕೋಣೆಗಳು ನೆನಪಾಗುತ್ತವೆ.

ಕ್ರಿ.ಶ. 64ರ ಬೆಂಕಿಯಲ್ಲಿ ರೋಮ್ ಸುಟ್ಟ ಮೇಲೆ ನೀರೊ ಚಕ್ರವರ್ತಿ ‘ಚಿನ್ನದ ಮನೆ’ ಎಂಬ ಅರಮನೆ ಕಟ್ಟಿಸಿದ. ಮುಂದೆ ಬಂದ ದೊರೆಗಳು ಅದಕ್ಕೆ ಮಣ್ಣು ತುಂಬಿ ಮೇಲೆ ಸ್ನಾನಗೃಹ ಎಬ್ಬಿಸಿದರು. 1480ರ ಸುಮಾರಿಗೆ ಆ ಕೋಣೆಗಳು ಮತ್ತೆ ಸಿಕ್ಕಾಗ ಚಿತ್ರಕಾರರು ಕಿಂಡಿಗಳಿಂದ ಒಳಗಿಳಿದು ಗೋಡೆಗಳನ್ನು ನೋಡಿದರು. ಬಳ್ಳಿ ಹಬ್ಬುತ್ತ ಹಬ್ಬುತ್ತ ಹಕ್ಕಿಯಾಗಿದೆ, ಹೂವಿನೊಳಗಿಂದ ಅರ್ಧ ಮನುಷ್ಯ ಎದ್ದಿದ್ದಾನೆ! ಇಟಲಿಯವರ ಬಾಯಲ್ಲಿ ಗವಿಯೆಂದರೆ ‘ಗ್ರೊಟ್ಟಾ’. ಗವಿಯಲ್ಲಿ ಕಂಡ ಈ ಚಿತ್ರಗಳು ‘ಗ್ರೊಟ್ಟೆಸ್ಕೆ’. ಬೇರು ಗ್ರೀಕಿನದು, ಬಚ್ಚಿಡುವುದು ಎಂದರ್ಥ. ಇಂದಿನ ‘ಕ್ರಿಪ್ಟೊ’ ಕೂಡ ಅದೇ ಬೇರಿನ ಚಿಗುರು. ಅವು ಗವಿಗಳಲ್ಲ, ನೆಲ ಏರಿ ಹೂತುಹೋದ ಕೋಣೆಗಳು, ಹೆಸರೇ ತಪ್ಪು ಎಂದು ಶಿಲ್ಪಿ ಚೆಲ್ಲಿನಿ ತನ್ನ ಆತ್ಮಕಥೆಯಲ್ಲಿ ವಾದಿಸಿದ. ಅವನ ಮಾತು ನಿಜ. ಹೆಸರು ಮಾತ್ರ ಉಳಿದುಬಿಟ್ಟಿತು.

ಫ್ರಾನ್ಸ್ ದಾಟಿ ಇಂಗ್ಲೆಂಡಿಗೆ ಬರುವಷ್ಟರಲ್ಲಿ ಅದರ ಅರ್ಥ ವಿಚಿತ್ರದಿಂದ ವಿಕಾರಕ್ಕೆ ಜಾರಿತ್ತು. ನಮ್ಮ ‘ವಿಕಟ’ವೂ ಹೀಗೇ ಅಲೆದ ಪದ: ಭಯಂಕರ ಎನ್ನುತ್ತಿದ್ದದ್ದು ವಿಕಟಕವಿಯ ಬಳಿ ಬಂದು ನಗಿಸತೊಡಗಿತು.

ಲಂಡನ್ನಿನ ಕ್ಯಾಸ್ಲನ್ ಎರಕಶಾಲೆ 1816ರಲ್ಲಿ ಹೊಸ ಬಗೆಯ ಅಚ್ಚುಮೊಳೆಯ ಮಾದರಿ ತೋರಿಸಿತು. ರೋಮನ್ ಅಕ್ಷರದ ಗೀಟುಗಳ ತುದಿಗೆ ಇರುತ್ತಿದ್ದ ಪುಟ್ಟ ಪಾದ, ಅಂದರೆ ಸೆರಿಫ್, ಅದರಲ್ಲಿ ಇರಲಿಲ್ಲ. ಕ್ಯಾಸ್ಲನ್ ಅದನ್ನು ‘ಈಜಿಪ್ಷಿಯನ್’ ಎಂದ. 1830ರ ದಶಕದಲ್ಲಿ ಬೇರೆ ಎರಕಶಾಲೆಗಳ ಒಡೆಯರಲ್ಲಿ ಫಿಗ್ಗಿನ್ಸ್ ‘ಸ್ಯಾನ್ಸ್ ಸೆರಿಫ್’ ಎಂದ, ಥಾರೊಗುಡ್ ‘ಗ್ರೊಟೆಸ್ಕ್’ ಎಂದ. ಪಾದವಿದ್ದ ಅಕ್ಷರಗಳನ್ನೇ ಓದಿ ಬೆಳೆದ ಕಣ್ಣಿಗೆ ಈ ಬೋಳು ಅಕ್ಷರ ವಿಕಾರವಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ನನ್ನನ್ನು ಹಿಡಿದು ನಿಲ್ಲಿಸುವುದು ಇದೇ ತಿರುವು. ಬಳ್ಳಿ, ಹೂವು, ಪ್ರಾಣಿ ಎಲ್ಲ ಹೆಣೆದುಕೊಂಡ ಅಲಂಕಾರಕ್ಕೆ ಹುಟ್ಟಿದ ಹೆಸರು, ಅಲಂಕಾರವನ್ನೆಲ್ಲ ಕಳಚಿಟ್ಟ ಅಕ್ಷರದ ಪಾಲಾಯಿತು.

ಆಗ ನಾಟಕ, ಹರಾಜು, ಹಡಗುಯಾನಗಳ ಪೋಸ್ಟರುಗಳ ಕಾಲ. ಕಾಗದದ ಅಗಲ ಇಷ್ಟೇ, ಪದವೋ ಉದ್ದ, ದೂರಕ್ಕೂ ಕಾಣಬೇಕು. ಆದ್ದರಿಂದ ಅಕ್ಷರವನ್ನು ಎರಡೂ ಪಕ್ಕದಿಂದ ಒತ್ತಿ, ಎತ್ತರಕ್ಕೆ ಎಳೆದು, ಗೀಟುಗಳನ್ನು ದಪ್ಪ ಮಾಡಿದರು. ಅಷ್ಟು ದೊಡ್ಡ ಸೀಸದ ಮೊಳೆ ಬಲು ಭಾರ. ಅದಕ್ಕೆಂದೇ ಮರದ ಮೊಳೆಗಳು ಬಂದವು.

ಜರ್ಮನ್ನರ ಅಚ್ಚುಕೂಟದಲ್ಲಿ ‘ಗ್ರೊಟೆಸ್ಕ್’ ಬೈಗುಳವಾಗಿ ಉಳಿಯದೆ ಬರಿಯ ಜಾತಿಸೂಚಕವಾಯಿತು. 1898ರ ‘ಅಕ್ಸಿಡೆನ್ಸ್ ಗ್ರೊಟೆಸ್ಕ್’ ಎಂದರೆ ಕರಪತ್ರ, ಜಾಹೀರಾತುಗಳಂಥ ಬಿಡಿ ಕೆಲಸದ ಅಕ್ಷರ. 1957ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಬಂದ ‘ನೊಯೆ ಹಾಸ್ ಗ್ರೊಟೆಸ್ಕ್’ 1960ರಲ್ಲಿ ‘ಹೆಲ್ವೆಟಿಕಾ’ ಆಗಿ ಗವಿಯ ಹೆಸರನ್ನು ಬಿಟ್ಟುಕೊಟ್ಟಿತು.

ನನಗೆ ಹೆಚ್ಚು ಇಷ್ಟವಾದದ್ದು ಸ್ವಿಸ್ ಕಲಾವಿದ ವಾಲ್ಟರ್ ಹೆಟೆನ್‌ಶ್ವೈಲರ್ 1954ರಲ್ಲಿ ಪ್ರಕಟಿಸಿದ ‘ಶ್ಮಾಲ್‌ಫೆಟ್ಟೆ ಗ್ರೊಟೆಸ್ಕ್’. ಶ್ಮಾಲ್ ಎಂದರೆ ಕಿರಿದು, ಫೆಟ್ ಎಂದರೆ ದಪ್ಪ. ಕಾರ್ಖಾನೆಯ ಉಕ್ಕಿನ ತೊಲೆಗಳನ್ನು ಒತ್ತಾಗಿ ನಿಲ್ಲಿಸಿದಂತಿರುವ ಅದರ ‘ಓ’ ಒಳಗೆ ಉಳಿದಿರುವುದು ಸೀಳಿನಷ್ಟೇ ಬಿಳಿ. ನೀರೊನ ಗೋಡೆಯ ಬಳ್ಳಿಗೆ ಅಲ್ಲಿ ನುಸುಳಲೂ ಜಾಗವಿಲ್ಲ.