ಗ್ಯಾಸ್ ಮುಗಿಯೋದಿಲ್ಲ ಸ್ವಾಮಿ, ಸೋರುತ್ತೆ!

ಏಪ್ರಿಲ್ ಬಂತೆಂದರೆ ಹಳೇ ಕಾರು ಇಟ್ಟುಕೊಂಡವರ ಬಾಯಲ್ಲಿ ಒಂದೇ ಮಾತು: "ಏಸಿ ಗ್ಯಾಸ್ ಮುಗಿದಿದೆ ಕಣ್ರೀ, ಹಾಕಿಸ್ಬೇಕು." ಪೆಟ್ರೋಲಿನ ಹಾಗೆ, ಅಡುಗೆಮನೆಯ ಸಿಲಿಂಡರಿನ ಹಾಗೆ ಅದೂ ಖರ್ಚಾಗುವ ವಸ್ತು ಎಂಬ ನಂಬಿಕೆ. ಆದರೆ ಏಸಿ ಗ್ಯಾಸ್ ಉರಿಯುವುದೂ ಇಲ್ಲ, ಮುಗಿಯುವುದೂ ಇಲ್ಲ. ಅದು ಒಳಗೇ ಸುತ್ತುತ್ತಿರುತ್ತದೆ. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿದೆ ಎಂದೇ ಅರ್ಥ. ಕಾರಿನ ಏಸಿಯ ಇತಿಹಾಸ ಓದುತ್ತಾ ಹೋದಂತೆ ನನಗೆ ಅನ್ನಿಸಿದ್ದು, ಇದು ತಂಪಿನ ಕಥೆಗಿಂತ ಸೋರಿಕೆಯ ಕಥೆಯೇ ಹೆಚ್ಚು ಅಂತ.

ಮೊದಲು ಏಸಿ ಕೆಲಸ ಮಾಡುವ ಬಗೆ. ಇಂಜೆಕ್ಷನ್ ಕೊಡುವ ಮುಂಚೆ ನರ್ಸ್ ತೋಳಿಗೆ ಸ್ಪಿರಿಟ್ ಹಚ್ಚಿದರೆ ತಣ್ಣಗಾಗುತ್ತದಲ್ಲ, ಅದೇ ತತ್ವ. ದ್ರವ ಆವಿಯಾಗುವಾಗ ಸುತ್ತಲಿನ ಶಾಖ ಹೀರುತ್ತದೆ. ಡ್ಯಾಶ್‌ಬೋರ್ಡಿನ ಹಿಂದಿರುವ ಇವಾಪರೇಟರಿನಲ್ಲಿ ಗ್ಯಾಸ್ ಹೀಗೆ ಆವಿಯಾಗುತ್ತದೆ. ಕಂಪ್ರೆಸರ್ ಆ ಆವಿಯನ್ನು ಒತ್ತಿ ಮುಂದಿನ ಗ್ರಿಲ್ ಹಿಂದಿರುವ ಕಂಡೆನ್ಸರಿಗೆ ಕಳಿಸುತ್ತದೆ. ಅಲ್ಲಿ ಶಾಖ ಹೊರಗೆ ಬಿಟ್ಟು ಮತ್ತೆ ದ್ರವವಾಗುತ್ತದೆ. ಮತ್ತೆ ಒಳಗೆ, ಮತ್ತೆ ಹೊರಗೆ.

ಹಾಗಾದರೆ ಯಾವ ಗ್ಯಾಸ್? ಮೊದಮೊದಲ ಫ್ರಿಜ್ಜುಗಳಲ್ಲಿದ್ದದ್ದು ಅಮೋನಿಯಾ, ಸಲ್ಫರ್ ಡೈ ಆಕ್ಸೈಡ್, ಮೀಥೈಲ್ ಕ್ಲೋರೈಡ್. ಎಲ್ಲವೂ ವಿಷ. ಸೋರಿದರೆ ಮನೆಯವರ ಪ್ರಾಣಕ್ಕೇ ಸಂಚಕಾರ. 1928ರಲ್ಲಿ ಜನರಲ್ ಮೋಟಾರ್ಸ್‌ನ ಥಾಮಸ್ ಮಿಜ್ಲಿ ಮತ್ತವನ ಸಂಗಡಿಗರು ಇದಕ್ಕೆ ಪರಿಹಾರ ಹುಡುಕಿದರು. ಅದೇ ಸಿ.ಎಫ್.ಸಿ., ಅಂದರೆ ಫ್ರಿಯಾನ್. 1930ರಲ್ಲಿ ರಸಾಯನ ವಿಜ್ಞಾನಿಗಳ ಸಭೆಯ ಮುಂದೆ ಮಿಜ್ಲಿ ಅದನ್ನು ಎದೆತುಂಬ ಎಳೆದುಕೊಂಡು, ಉಸಿರು ಬಿಟ್ಟು ಮೇಣದ ಬತ್ತಿ ಆರಿಸಿ ತೋರಿಸಿದ. ವಿಷವೂ ಅಲ್ಲ, ಬೆಂಕಿಯೂ ಹತ್ತುವುದಿಲ್ಲ! ಪೆಟ್ರೋಲಿಗೆ ಸೀಸ ಬೆರೆಸುವ ಐಡಿಯಾ ಕೊಟ್ಟವನೂ ಇದೇ ಪುಣ್ಯಾತ್ಮ.

ನನ್ನ ಪ್ರಕಾರ ತಿರುವು ಇರುವುದು ಇಲ್ಲೇ. ಸೋರಿದರೆ ಸಾಯುತ್ತೇವೆ ಎಂದಿದ್ದಾಗ ಸೋರಿಕೆಗೆ ಎಲ್ಲರೂ ಹೆದರುತ್ತಿದ್ದರು. ಸೋರಿದರೆ ಏನೂ ಆಗುವುದಿಲ್ಲ ಎಂದಾದ ಮೇಲೆ ಹೆದರುವವರು ಯಾರು?

ಕಾರ್ಖಾನೆಯಿಂದಲೇ ಏಸಿ ಹಾಕಿಸಿಕೊಂಡು ಬಂದ ಮೊದಲ ಕಾರು ಅಮೆರಿಕದ ಪ್ಯಾಕರ್ಡ್. 1939ರಲ್ಲಿ ಘೋಷಿಸಿ 1940ರ ಮಾಡೆಲ್‌ನಲ್ಲಿ ಕೊಟ್ಟರು. ಇವಾಪರೇಟರ್ ಇದ್ದದ್ದು ಹಿಂದಿನ ಸೀಟಿನಾಚೆ. ಕಂಪ್ರೆಸರಿಗೆ ಕ್ಲಚ್ ಇರಲಿಲ್ಲ. ಏಸಿ ಬೇಡವೆಂದರೆ ಇಂಜಿನ್ ನಿಲ್ಲಿಸಿ, ಬಾನೆಟ್ ಎತ್ತಿ, ಬೆಲ್ಟನ್ನೇ ಕಳಚಬೇಕಿತ್ತು! ಎರಡು ವರ್ಷಕ್ಕೇ ಅದು ನಿಂತುಹೋಯಿತು. ಎಲ್ಲವನ್ನೂ ಮುಂದೆಯೇ, ಬಾನೆಟ್ ಮತ್ತು ಡ್ಯಾಶ್‌ಬೋರ್ಡಿನೊಳಗೇ ಅಡಕವಾಗಿ ಕೂರಿಸಿದ್ದು 1954ರ ನ್ಯಾಶ್ ಅಂಬಾಸಿಡರ್. (ನಮ್ಮ ಹಿಂದೂಸ್ತಾನ್ ಅಂಬಾಸಿಡರ್‌ಗೂ ಇದಕ್ಕೂ ಹೆಸರು ಬಿಟ್ಟರೆ ಬೇರೆ ನೆಂಟಸ್ತನವಿಲ್ಲ.) ಇಂದಿನ ನಮ್ಮ ಕಾರುಗಳ ಏಸಿ ಹೆಚ್ಚುಕಡಿಮೆ ಅದೇ ಜೋಡಣೆ.

ಮನೆಯ ಫ್ರಿಜ್ ಹದಿನೈದು ವರ್ಷವಾದರೂ ಗ್ಯಾಸ್ ಕೇಳದೆ ತಣ್ಣಗಿರುತ್ತದೆ, ಕಾರಿಗೇಕೆ ಈ ರೋಗ? ಫ್ರಿಜ್ಜಿನ ಮೋಟಾರು ಮತ್ತು ಕಂಪ್ರೆಸರ್ ಎರಡನ್ನೂ ಒಂದೇ ಡಬ್ಬಿಯಲ್ಲಿಟ್ಟು ಬೆಸುಗೆ ಹಾಕಿರುತ್ತಾರೆ. ಕಾರಿನ ಕಂಪ್ರೆಸರನ್ನು ತಿರುಗಿಸುವುದು ಇಂಜಿನ್ನಿನ ಬೆಲ್ಟು. ಹಾಗಾಗಿ ಅದರ ಶಾಫ್ಟ್ ಹೊರಗೆ ಬರಲೇಬೇಕು, ಅಲ್ಲೊಂದು ಸೀಲ್ ಇರಲೇಬೇಕು. ಇಂಜಿನ್ ಅಲುಗಾಡುವುದರಿಂದ ಪೂರ್ತಿ ಲೋಹದ ಪೈಪು ಹಾಕುವಂತಿಲ್ಲ, ರಬ್ಬರ್ ಹೋಸ್ ಬೇಕು. ಜಾಯಿಂಟ್‌ಗಳಲ್ಲಿ ರಬ್ಬರ್ ಓ-ರಿಂಗ್ ಬೇಕು. ರಬ್ಬರಿಗೂ ವಯಸ್ಸಾಗುತ್ತದೆ ತಾನೆ? ಅದರ ಮೇಲೆ ಆಗೆಲ್ಲ ರಿಪೇರಿ ಎಂದರೆ ಮೆಕ್ಯಾನಿಕ್ ಒಳಗಿದ್ದ ಗ್ಯಾಸನ್ನೆಲ್ಲ ಬುಸ್ಸೆಂದು ಗಾಳಿಗೆ ಬಿಟ್ಟು ಹೊಸದು ತುಂಬುತ್ತಿದ್ದ. ಅಮೆರಿಕದಲ್ಲಿ ಹೀಗೆ ಬಿಡುವುದು ಕಾನೂನಿಗೆ ವಿರುದ್ಧವಾಗಿದ್ದು 1992ರಲ್ಲಿ.

ಸೋರಿದ್ದು ಹೋಗಿದ್ದೆಲ್ಲಿಗೆ? 1974ರಲ್ಲಿ ಕ್ಯಾಲಿಫೋರ್ನಿಯಾದ ಮಾರಿಯೋ ಮೊಲಿನಾ ಮತ್ತು ಶೆರ್ವುಡ್ ರೋಲೆಂಡ್ ಉತ್ತರ ಕೊಟ್ಟರು: ಕೆಳಗೆ ಯಾವುದರ ಜೊತೆಗೂ ಬೆರೆಯದ ಈ ಗ್ಯಾಸ್ ಹಾಗೇ ಮೇಲೇರಿ, ಸೂರ್ಯನ ನೇರಳಾತೀತ ಕಿರಣಕ್ಕೆ ಒಡೆದು, ಅದರ ಕ್ಲೋರಿನ್ ಓಝೋನ್ ಪದರವನ್ನು ತಿನ್ನುತ್ತದೆ. 1985ರಲ್ಲಿ ಅಂಟಾರ್ಕ್ಟಿಕಾದ ಮೇಲೆ ಓಝೋನ್ ತೀರಾ ತೆಳುವಾಗಿರುವುದು ಬ್ರಿಟಿಷ್ ವಿಜ್ಞಾನಿಗಳ ಅಳತೆಯಲ್ಲಿ ಬಯಲಾಯಿತು.

ಈ ಕಥೆಗೆ ನಮ್ಮ ಬೆಂಗಳೂರಿನ ನಂಟೂ ಇದೆ. ವೀರಭದ್ರನ್ ರಾಮನಾಥನ್ ಹುಟ್ಟಿದ್ದು ತಮಿಳುನಾಡಿನಲ್ಲಾದರೂ ಹುಡುಗನಾಗಿದ್ದಾಗ ಬಂದದ್ದು ಬೆಂಗಳೂರಿಗೆ. ಇಂಜಿನಿಯರಿಂಗ್ ಮುಗಿಸಿ ಸಿಕಂದರಾಬಾದಿನ ಒಂದು ರೆಫ್ರಿಜರೇಟರ್ ಕಂಪನಿ ಸೇರಿದರು. ಅಲ್ಲಿ ಅವರಿಗೆ ಸಿಕ್ಕ ಕೆಲಸವೇನು ಗೊತ್ತೇ? ಗ್ಯಾಸ್ ಯಾಕೆ ಸೋರುತ್ತಿದೆ ಎಂದು ಹುಡುಕುವುದು! ಆಮೇಲೆ ನಮ್ಮ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ ಓದಿ ಅಮೆರಿಕಕ್ಕೆ ಹೋದರು. 1975ರಲ್ಲಿ ಅವರೇ ತೋರಿಸಿಕೊಟ್ಟರು, ಈ ಗ್ಯಾಸಿನ ಒಂದು ಅಣು ಶಾಖ ಹಿಡಿದಿಡುವುದರಲ್ಲಿ ಇಂಗಾಲದ ಡೈ ಆಕ್ಸೈಡಿನ ಹತ್ತು ಸಾವಿರ ಅಣುಗಳಿಗೆ ಸಮ ಎಂದು. ಸೋರಿಕೆ ಹುಡುಕುತ್ತಿದ್ದ ಇಂಜಿನಿಯರ್, ಸೋರಿದ್ದರ ಲೆಕ್ಕವನ್ನು ಆಕಾಶದಲ್ಲಿ ಕೊಟ್ಟ.

1987ರ ಸೆಪ್ಟೆಂಬರ್ 16ರಂದು ಮಾಂಟ್ರಿಯಲ್ ಒಪ್ಪಂದವಾಯಿತು. ಕಾರುಗಳ ಹಳೇ ಆರ್-12 ಗ್ಯಾಸ್ ಮುಂದುವರಿದ ದೇಶಗಳಲ್ಲಿ 1995ರ ಕೊನೆಗೆ ನಿಂತಿತು. ನಮ್ಮಂಥ ದೇಶಗಳಿಗೆ 2010ರ ತನಕ ಗಡುವು ಸಿಕ್ಕಿತು. ಅದರ ಜಾಗಕ್ಕೆ ಬಂದ ಆರ್-134ಎ ಗ್ಯಾಸಿನಲ್ಲಿ ಕ್ಲೋರಿನ್ ಇಲ್ಲ, ಓಝೋನ್‌ಗೆ ತೊಂದರೆಯಿಲ್ಲ. ಆದರೆ ನೂರು ವರ್ಷದ ಲೆಕ್ಕದಲ್ಲಿ ಅದರ ಒಂದು ಕಿಲೋ, ಇಂಗಾಲದ ಡೈ ಆಕ್ಸೈಡಿನ ಸುಮಾರು 1,400 ಕಿಲೋಗೆ ಸಮ. ಅದಕ್ಕೇ 2016ರಲ್ಲಿ ಆಫ್ರಿಕಾದ ಕಿಗಾಲಿಯಲ್ಲಿ ಮತ್ತೊಂದು ಒಪ್ಪಂದ. ಭಾರತ ಅದನ್ನು ಅನುಮೋದಿಸಿದ್ದು 2021ರಲ್ಲಿ. ಗ್ಯಾಸ್ ಬದಲಾಯಿಸಿದೆವು, ಇನ್ನೂ ಬದಲಾಯಿಸುತ್ತಿದ್ದೇವೆ. ಸೋರುವುದು ಮಾತ್ರ ಪೂರ್ತಿ ನಿಂತಿಲ್ಲ.

ಇಷ್ಟೆಲ್ಲ ಓದಲು ಕಾರಣ ನಾನು ಕೊಂಡ ಸೆಕೆಂಡ್ ಹ್ಯಾಂಡ್ ಕಾರು. ಡ್ಯಾಶ್‌ಬೋರ್ಡಿನ ಡಬ್ಬದಲ್ಲಿ ಹಿಂದಿನ ಮಾಲೀಕರ ಬಿಲ್ಲುಗಳಿದ್ದವು. ಮೂರು ಬೇಸಿಗೆ, ಮೂರು ಸಲ ಗ್ಯಾಸ್. ಪ್ರತಿ ಸಲ 400 ಗ್ರಾಂ ಎಂದಿಟ್ಟುಕೊಳ್ಳಿ, ಒಟ್ಟು 1.2 ಕಿಲೋ. 1,400ರಿಂದ ಗುಣಿಸಿದರೆ ಸುಮಾರು 1,700 ಕಿಲೋ ಇಂಗಾಲದ ಡೈ ಆಕ್ಸೈಡ್. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಬರುತ್ತದೆ. ಅಂದರೆ 700 ಲೀಟರಿಗೂ ಹೆಚ್ಚು ಪೆಟ್ರೋಲ್ ಸುಟ್ಟಷ್ಟು! ಲೀಟರಿಗೆ 15 ಕಿಲೋಮೀಟರ್ ಎಂದರೂ ಹತ್ತು ಸಾವಿರ ಕಿಲೋಮೀಟರ್ ಓಡಿಸಿದಷ್ಟು ಹೊಗೆ, ಕಾರು ನಿಂತಲ್ಲೇ ನಿಂತಿದ್ದಾಗ.

ಹಾಗಾಗಿ ಒಂದು ಭಾನುವಾರ ಮನೆ ಮುಂದೆಯೇ ಬಾನೆಟ್ ಎತ್ತಿದೆ. ಗಾಳಿಯೇ ಕಡಿಮೆ ಬರುತ್ತಿದ್ದರೆ ತಪ್ಪು ಗ್ಯಾಸಿನದಲ್ಲ, ಕ್ಯಾಬಿನ್ ಫಿಲ್ಟರಿನದು, ಅದನ್ನು ಬದಲಾಯಿಸಿದೆ. ಓಡುವಾಗ ತಂಪು, ಸಿಗ್ನಲ್ಲಿನಲ್ಲಿ ನಿಂತರೆ ಬಿಸಿ ಎಂದಾದರೆ ಕಂಡೆನ್ಸರ್ ಫ್ಯಾನ್ ನೋಡಬೇಕು, ನನ್ನದು ತಿರುಗುತ್ತಿತ್ತು. ಕಂಡೆನ್ಸರಿನ ಮೇಲಿದ್ದ ಧೂಳು, ಸತ್ತ ಹುಳಗಳನ್ನು ಮೆಲ್ಲಗೆ ನೀರು ಬಿಟ್ಟು ತೊಳೆದೆ. ಕೊನೆಗೆ ಟಾರ್ಚ್ ಹಿಡಿದು ಎಣ್ಣೆ ಜಿಡ್ಡು ಹುಡುಕಿದೆ. ಗ್ಯಾಸಿನ ಜೊತೆ ಕಂಪ್ರೆಸರ್ ಎಣ್ಣೆಯೂ ಸುತ್ತುವುದರಿಂದ ಸೋರುವ ಕಡೆ ಜಿಡ್ಡಿಗೆ ಧೂಳು ಮೆತ್ತಿರುತ್ತದೆ. ಗ್ಯಾಸ್ ತುಂಬುವ ಬಾಯಿಯ ಮುಚ್ಚಳವೇ ಇರಲಿಲ್ಲ, ಸುತ್ತ ಕಪ್ಪು ಜಿಡ್ಡು. ಇಂಜಿನ್ ಆಫ್ ಮಾಡಿ ಸೋಪಿನ ನೀರು ಬಿಟ್ಟೆ. ಸಣ್ಣ ಸಣ್ಣ ಗುಳ್ಳೆ!

ಸೈಕಲ್ ಟ್ಯೂಬಿನ ವಾಲ್ವಿನಂಥದ್ದೇ ಒಂದು ಪುಟ್ಟ ವಾಲ್ವ್ ಅದು. ಒಳಗೆ ಒತ್ತಡ ಇರುವುದರಿಂದ ಮನೆಯಲ್ಲಿ ಬಿಚ್ಚುವಂತಿಲ್ಲ. ಚಿಮ್ಮಿದರೆ ಚರ್ಮ ಹೆಪ್ಪುಗಟ್ಟುತ್ತದೆ, ಕಣ್ಣಿಗೂ ಅಪಾಯ. ಉಳಿದ ಗ್ಯಾಸನ್ನು ಗಾಳಿಗೆ ಬಿಡದೆ ಮೆಷಿನ್ನಿಗೆ ಎಳೆದುಕೊಳ್ಳುವ ಗ್ಯಾರೇಜ್ ಹುಡುಕಿದೆ. ವಾಲ್ವ್ ಬದಲಾಯಿಸಿ, ವ್ಯಾಕ್ಯೂಮ್ ಮಾಡಿ, ಬಾನೆಟ್ ಕೆಳಗಿನ ಚೀಟಿಯಲ್ಲಿ ಬರೆದಷ್ಟೇ ಗ್ರಾಂ ತೂಗಿ ತುಂಬಿದರು. ಹೆಚ್ಚು ತುಂಬಿದರೂ ತಂಪು ಕಡಿಮೆಯೇ, ನೆನಪಿರಲಿ. ಇದಾಗಿ ಎರಡು ಬೇಸಿಗೆ ಕಳೆದಿವೆ, ಏಸಿ ಇನ್ನೂ ಗ್ಯಾಸ್ ಕೇಳಿಲ್ಲ.

ಮುಂದಿನ ಸಲ ಯಾರಾದರೂ "ಗ್ಯಾಸ್ ಮುಗಿದಿದೆ ಸಾರ್, ತುಂಬ್ಸಿ" ಎಂದರೆ, ಪರ್ಸ್ ತೆಗೆಯುವ ಮುಂಚೆ ಒಂದೇ ಒಂದು ಪ್ರಶ್ನೆ ಕೇಳಿ: "ಇದ್ದದ್ದು ಎಲ್ಲಿಗೆ ಹೋಯ್ತಪ್ಪಾ?"