ನಮೂನೆಗಳಲ್ಲಿ ಷರತ್ತಿನ ಪ್ರಶ್ನೆ: ಖಾನೇಷುಮಾರಿಯ ಪಟ್ಟಿಯಿಂದ ಗಣಕಯಂತ್ರದ ತೆರೆಯವರೆಗೆ

ಸರ್ಕಾರಕ್ಕೂ ಪ್ರಜೆಗೂ ನಡೆಯುವ ವ್ಯವಹಾರದಲ್ಲಿ ಅರ್ಜಿಯ ನಮೂನೆಯಷ್ಟು ಸಾಮಾನ್ಯವಾದ ವಸ್ತು ಬೇರೊಂದಿಲ್ಲ. ಚರಿತ್ರೆಯನ್ನು ಅಭ್ಯಾಸ ಮಾಡುವವರು ನಮೂನೆಗಳಲ್ಲಿ ತುಂಬಿರುವ ಉತ್ತರಗಳನ್ನು ಆಧಾರವಾಗಿ ಬಳಸಿಕೊಳ್ಳುವುದುಂಟು; ಆದರೆ ನಮೂನೆಯ ರಚನೆಯನ್ನೇ ಪರಿಶೀಲನೆಗೆ ತೆಗೆದುಕೊಳ್ಳುವುದು ವಿರಳ. ಯಾರನ್ನು ಯಾವ ಪ್ರಶ್ನೆ ಕೇಳಬೇಕು, ಯಾರನ್ನು ಕೇಳಬೇಕಾದುದಿಲ್ಲ ಎಂಬ ನಿರ್ಣಯವೊಂದು ಪ್ರತಿಯೊಂದು ನಮೂನೆಯಲ್ಲಿಯೂ ಅಡಗಿದೆ. ಆ ನಿರ್ಣಯವನ್ನು ಕಾಲಕಾಲಕ್ಕೆ ಯಾರು ಮಾಡುತ್ತ ಬಂದರು, ಅದು ಉತ್ತರ ಕೊಡುವವನ ಕಣ್ಣಿಗೆ ಕಾಣುತ್ತಿತ್ತೇ ಇಲ್ಲವೇ ಎಂಬ ಎರಡು ಅಂಶಗಳನ್ನು ಈ ಲೇಖನದಲ್ಲಿ ವಿಚಾರಿಸಲು ಯತ್ನಿಸಿದ್ದೇವೆ. ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳನ್ನು, ವಿಶೇಷವಾಗಿ ಕೊರಟಗೆರೆ ತಾಲ್ಲೂಕಿನ ಗೊರವನಹಳ್ಳಿಯನ್ನು, ಕಣ್ಣ ಮುಂದಿಟ್ಟುಕೊಂಡು ಹೊರಟಿದ್ದೇವೆ. ಮಹಾಲಕ್ಷ್ಮಿಯ ದೇವಾಲಯದಿಂದ ನಾಡಿನಲ್ಲೆಲ್ಲ ಹೆಸರಾದ ಊರು ಇದು; ಆದರೆ ಸರ್ಕಾರದ ನಮೂನೆಯ ಮುಂದೆ ಇದೂ ಉಳಿದ ಊರುಗಳಂತೆ ಒಂದು ಊರೇ ಆದುದರಿಂದ, ಇಲ್ಲಿಗೆ ಸಲ್ಲುವ ಮಾತು ಉಳಿದೆಡೆಗೂ ಸಲ್ಲುತ್ತದೆ.

ಮೊದಲು ಗ್ರಾಮದ ಲೆಕ್ಕದ ಕಡೆ ನೋಡೋಣ. ಹಳೆಯ ಮೈಸೂರಿನ ಶಾನುಭೋಗರು ಬಳಸುತ್ತಿದ್ದ ಕಡತವೆಂಬುದು ಬಟ್ಟೆಗೆ ಹುಣಸೆಬೀಜದ ಸರಿಯನ್ನೂ ಇದ್ದಲಿನ ಪುಡಿಯನ್ನೂ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿಟ್ಟ ಪುಸ್ತಕ. ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಬೇಕಾದ ಮಡಿಕೆಯನ್ನು ಬಿಚ್ಚಿ, ಬೇಡವಾದುದನ್ನು ಮಡಿಸಿಯೇ ಇಡಬಹುದಾಗಿತ್ತು. ಯಾವುದನ್ನು ಬಿಚ್ಚಬೇಕೆಂಬ ತೀರ್ಮಾನ ಮಾತ್ರ ಶಾನುಭೋಗನದು. ಊರಿನ ಪ್ರತಿಯೊಂದು ಮನೆಯನ್ನೂ ಬಲ್ಲವನಾದುದರಿಂದ, ಇನಾಮು ಜಮೀನಿಲ್ಲದವನನ್ನು ಆತ ಇನಾಮಿನ ವಿಷಯ ಕೇಳುತ್ತಿರಲಿಲ್ಲ. ಪ್ರಶ್ನೆಯ ಷರತ್ತು ಕಾಗದದ ಮೇಲೆ ಇರಲಿಲ್ಲ. ಅದು ಒಬ್ಬ ಮನುಷ್ಯನ ತಿಳಿವಳಿಕೆಯಲ್ಲಿತ್ತು. ಈ ಕ್ರಮದಲ್ಲಿ ಪಕ್ಷಪಾತಕ್ಕೆ ಅವಕಾಶವಿತ್ತೆಂಬುದು ನಿಸ್ಸಂದೇಹ. ಆದರೆ ಕೇಳಬೇಕಾದುದನ್ನು ಕೇಳದೆ ಬಿಟ್ಟನೆಂದು ಯಾರ ಬಾಗಿಲಿಗೆ ಹೋಗಿ ಜಗಳವಾಡಬೇಕೆಂಬುದು ರೈತನಿಗೆ ಗೊತ್ತಿತ್ತು. ವಂಶಪಾರಂಪರ್ಯವಾದ ಈ ಹುದ್ದೆಗಳನ್ನು 1961ರ ಗ್ರಾಮಾಧಿಕಾರಗಳ ರದ್ದಿಯಾತಿ ಕಾನೂನು ಕೊನೆಗಾಣಿಸಿತು. ಅದು ಜಾರಿಗೆ ಬಂದುದು 1963ರ ಫೆಬ್ರವರಿ 1ರಂದು.

ಷರತ್ತು ಕಾಗದದ ಮೇಲೆ ಮುದ್ರಿತವಾದುದು ಖಾನೇಷುಮಾರಿಯ ಪಟ್ಟಿಗಳಲ್ಲಿ. ಮೈಸೂರು ಸೀಮೆಯ ಮೊದಲನೆಯ ಖಾನೇಷುಮಾರಿ 1871ರಲ್ಲಿ ನಡೆಯಿತು. ಇಡೀ ದೇಶಕ್ಕೆ ಏಕಕಾಲದಲ್ಲಿ ನಡೆದ ಮೊದಲನೆಯದು 1881ರದು. 1901ರ ಪಟ್ಟಿಯಲ್ಲಿ 16 ಕಾಲಂಗಳಿದ್ದುವು. ಅವುಗಳಲ್ಲಿ 9 ಮತ್ತು 10ನೆಯವು ದುಡಿಯುವವನ ಮುಖ್ಯ ಕಸಬು ಮತ್ತು ಉಪಕಸಬುಗಳಿಗೂ, 11ನೆಯದು ದುಡಿಯದೆ ಇತರರ ಆಶ್ರಯದಲ್ಲಿರುವವರ ಜೀವನೋಪಾಯಕ್ಕೂ ಮೀಸಲಾಗಿದ್ದುವು. ಹಿಂದಿನ ಉತ್ತರವನ್ನು ಅನುಸರಿಸಿ ಮುಂದಿನ ಕಾಲಂ ತುಂಬಬೇಕು ಇಲ್ಲವೆ ಬಿಡಬೇಕು ಎಂಬ ನಿಯಮ ಇಲ್ಲಿ ಸ್ಪಷ್ಟವಾಗಿದೆ. 14ನೆಯ ಕಾಲಂ ಅಕ್ಷರಸ್ಥನೋ ಅಲ್ಲವೋ ಎಂದು ಕೇಳಿದರೆ, 15ನೆಯದು ಇಂಗ್ಲಿಷ್ ಬಲ್ಲನೋ ಇಲ್ಲವೋ ಎಂದು ಕೇಳುತ್ತಿತ್ತು. ಮೊದಲನೆಯದರ ಬೆಳಕಿನಲ್ಲಿಯೇ ಎರಡನೆಯದಕ್ಕೆ ಅರ್ಥ.

ಸ್ವಾತಂತ್ರ್ಯಾನಂತರ ಈ ಪದ್ಧತಿ ಇನ್ನಷ್ಟು ವಿಶದವಾಯಿತು. 1961ರ ಜನಗಣತಿಯಲ್ಲಿ ಒಬ್ಬೊಬ್ಬರಿಗೂ ಬರೆದ ಚೀಟಿಯಲ್ಲಿ 13 ಪ್ರಶ್ನೆಗಳಿದ್ದುವು. ಬೇಸಾಯ, ಕೃಷಿ ಕೂಲಿ, ಗೃಹಕೈಗಾರಿಕೆ, ಇತರ ಕೆಲಸ ಎಂದು 8ರಿಂದ 11ರ ವರೆಗಿನ ಪ್ರಶ್ನೆಗಳು ಕೆಲಸವನ್ನು ವಿಂಗಡಿಸಿದುವು. ಇವಾವುವೂ ಇಲ್ಲದವರಿಗೆ 12ನೆಯ ಪ್ರಶ್ನೆ. ಮಾತೃಭಾಷೆಯನ್ನು ಕೇಳಿದ ಮೇಲೆ ಬೇರೆ ಭಾಷೆ ಬಲ್ಲರೇ ಎಂಬ ಪ್ರಶ್ನೆಯೂ ಇತ್ತು. ಕನ್ನಡ ತೆಲುಗುಗಳೆರಡೂ ಮನೆಮಾತಾಗಿರುವ ಪಾವಗಡದಂತಹ ಗಡಿ ತಾಲ್ಲೂಕಿನಲ್ಲಿ ಇದು ಬರಿಯ ಉಪಚಾರದ ಪ್ರಶ್ನೆಯಲ್ಲವೆಂಬುದನ್ನು ಹೇಳಬೇಕಾಗಿಲ್ಲ. 1971ರ ಚೀಟಿಯಲ್ಲಿ ವಿವಾಹದ ಸ್ಥಿತಿಯನ್ನು ಕೇಳಿದ ನಂತರ ಬರುವ ಪ್ರಶ್ನೆ, ಆಗ ವಿವಾಹಿತರಾಗಿದ್ದ ಸ್ತ್ರೀಯರಿಗೆ ಮಾತ್ರ ಮೀಸಲು. 2011ರಲ್ಲಿ ಅಂಗವೈಕಲ್ಯವಿದೆಯೇ ಎಂಬುದಕ್ಕೆ ಹೌದೆಂದರೆ ಮಾತ್ರ ಅದರ ಬಗೆಯನ್ನು ಸೂಚಿಸುವ ಸಂಖ್ಯೆಯನ್ನು ಬರೆಯಬೇಕಾಗಿತ್ತು.

ಈ ಎಲ್ಲ ಪಟ್ಟಿಗಳಿಗೂ ಸಮಾನವಾದ ಲಕ್ಷಣವೊಂದಿದೆ. ಕೇಳದೆ ಬಿಟ್ಟ ಪ್ರಶ್ನೆಯೂ ಕಾಗದದ ಮೇಲೆ ಇದ್ದೇ ಇರುತ್ತಿತ್ತು. ಓದಬಲ್ಲವರು ಯಾರೇ ಆಗಲಿ, ತಮಗೆ ಅನ್ವಯಿಸದ ಪ್ರಶ್ನೆಯನ್ನೂ ಅದರ ಷರತ್ತನ್ನೂ ಒಟ್ಟಿಗೆ ನೋಡಬಹುದಾಗಿತ್ತು. ತನಗೆ ಅನ್ವಯಿಸುವುದೆಂದು ತೋರಿದರೆ ವಾದಿಸಬಹುದಾಗಿತ್ತು. ಅರ್ಜಿಯಾದರೆ ಅಂಚಿನಲ್ಲಿ ನಾಲ್ಕು ಮಾತು ಬರೆಯಬಹುದಾಗಿತ್ತು.

ಗಣಕಯಂತ್ರದ ಜಾಲದಲ್ಲಿ ಪರಿಸ್ಥಿತಿ ಬದಲಾಯಿತು. ಜಾಲಪುಟಗಳ ಭಾಷೆಯಾದ ಎಚ್‌ಟಿಎಂಎಲ್‌ನ 2.0 ಆವೃತ್ತಿ 1995ರ ನವೆಂಬರಿನಲ್ಲಿ ಪ್ರಕಟವಾದಾಗ ಅದರಲ್ಲಿ ತುಂಬಬಹುದಾದ ನಮೂನೆಗಳಿಗೆ ಸ್ಥಾನ ದೊರೆತಿತ್ತು. ಆದರೆ ಆ ಪುಟವು ಕಾಗದದಂತೆಯೇ ಸ್ಥಿರವಾದುದು. ಉತ್ತರಕ್ಕೆ ತಕ್ಕಂತೆ ಪ್ರಶ್ನೆ ಬದಲಾಗಬೇಕಾದರೆ ದೂರದ ಯಂತ್ರಕ್ಕೆ ಕಳುಹಿಸಿ ಹೊಸ ಪುಟವನ್ನು ತರಿಸಿಕೊಳ್ಳಬೇಕಾಗಿತ್ತು. ಅದೇ 1995ರಲ್ಲಿ ಬ್ರೆಂಡನ್ ಐಕ್ ಎಂಬಾತ ನೆಟ್‌ಸ್ಕೇಪ್ ಸಂಸ್ಥೆಯಲ್ಲಿ ಜಾವಾಸ್ಕ್ರಿಪ್ಟ್ ಭಾಷೆಯನ್ನು ರಚಿಸಿದನು. ಪುಟದ ಒಂದು ಭಾಗವನ್ನು ತೋರಿಸದಿರುವ ನಿಯಮ 1996ರ ಡಿಸೆಂಬರಿನ ಸಿಎಸ್‌ಎಸ್ ಪ್ರಮಾಣದಲ್ಲಿಯೂ, ಪುಟದ ಒಂದೊಂದು ಅಂಗವನ್ನೂ ಭಾಷೆಯ ಮೂಲಕ ಹಿಡಿದು ಬದಲಾಯಿಸುವ ಸಮಾನ ಕ್ರಮ 1998ರ ಅಕ್ಟೋಬರಿನ ಡಾಮ್ ಪ್ರಮಾಣದಲ್ಲಿಯೂ ಬಂದುವು. ಇವು ಮೂರೂ ಕೂಡಿದಾಗ, ‘ವಿವಾಹಿತೆ’ ಎಂಬುದನ್ನು ಆರಿಸಿದೊಡನೆ ಗಂಡನ ವಿವರದ ಭಾಗ ತೆರೆದುಕೊಳ್ಳುವುದೂ, ‘ಅವಿವಾಹಿತೆ’ ಎಂದೊಡನೆ ಅದು ಮಾಯವಾಗುವುದೂ ಸಾಧ್ಯವಾಯಿತು.

ಇಲ್ಲಿ ‘ಮರೆಯಾಗುವುದು’ ಎಂಬ ಮಾತಿಗೆ ಎರಡು ಅರ್ಥಗಳಿರುವುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಕಣ್ಣಿಗೆ ಕಾಣದಿರುವುದು ಒಂದು, ಅನ್ವಯಿಸದಿರುವುದು ಇನ್ನೊಂದು. ತೆರೆಯ ಮೇಲೆ ಮರೆಮಾಡಿದ ಮಾತ್ರಕ್ಕೆ ಒಂದು ಮನೆಯಲ್ಲಿ ತುಂಬಿದ್ದ ಉತ್ತರ ಅಳಿಸಿಹೋಗುವುದಿಲ್ಲ. ಒಬ್ಬ ಹೆಂಗಸು ಮೊದಲು ‘ವಿವಾಹಿತೆ’ ಎಂದು ಆರಿಸಿ ಗಂಡನ ಸಂಖ್ಯೆಯನ್ನು ತುಂಬಿ, ಆಮೇಲೆ ‘ವಿಧವೆ’ ಎಂದು ತಿದ್ದಿದಳೆನ್ನೋಣ. ಭಾಗವೇನೋ ಮುಚ್ಚಿಕೊಳ್ಳುತ್ತದೆ, ರಚಿಸಿದವರು ಬೇರೆ ಏರ್ಪಾಡು ಮಾಡದಿದ್ದರೆ ಆ ಸಂಖ್ಯೆ ಅರ್ಜಿಯೊಡನೆ ಹೋಗಿಯೇ ಹೋಗುತ್ತದೆ. ಇದಕ್ಕೆ ವಿಪರ್ಯಾಸವಾಗಿ, ಮುಚ್ಚಿದ ಭಾಗದಲ್ಲಿ ಕಡ್ಡಾಯವೆಂದು ಗುರುತಿಸಿದ ಮನೆಯೊಂದು ಖಾಲಿ ಉಳಿದರೆ ಅರ್ಜಿ ಮುಂದೆ ಸಾಗದು, ಕಾರಣವೂ ಕಾಣದು. 2003ರ ಅಕ್ಟೋಬರಿನ ಎಕ್ಸ್‌ಫಾರ್ಮ್ಸ್ ಪ್ರಮಾಣವು ಈ ಭೇದವನ್ನು ಸರಿಯಾಗಿ ಗುರುತಿಸಿ, ‘ಪ್ರಸ್ತುತ’ವೋ ಅಲ್ಲವೋ ಎಂಬುದನ್ನು ಉತ್ತರದ ಗುಣವನ್ನಾಗಿ ಮಾಡಿತು, ಪ್ರಸ್ತುತವಲ್ಲದ ಉತ್ತರ ಕಳುಹಿಸಲ್ಪಡುವುದಿಲ್ಲ. ಇಂದಿನ ಎಚ್‌ಟಿಎಂಎಲ್‌ನಲ್ಲಿಯೂ ಒಂದು ಗುಂಪಿನ ಮನೆಗಳನ್ನು ನಿಷ್ಕ್ರಿಯಗೊಳಿಸಿದರೆ ಅವು ಕಳುಹಿಸಲ್ಪಡುವುದಿಲ್ಲ. ಏನೇ ಆದರೂ ಅರ್ಜಿಯನ್ನು ಸ್ವೀಕರಿಸುವ ಕಡೆಯ ಯಂತ್ರ ಅದೇ ಷರತ್ತನ್ನು ಮತ್ತೊಮ್ಮೆ ಪರೀಕ್ಷಿಸಬೇಕಾದುದು ಅವಶ್ಯಕ. ಕಣ್ಣು ಕಾಣದವರಿಗೆ ಪುಟವನ್ನು ಓದಿ ಹೇಳುವ ಸಾಧನಕ್ಕೂ ಹೊಸ ಭಾಗ ತೆರೆದುದು ತಿಳಿಯಬೇಕು. ಅದಕ್ಕೆ ಬೇಕಾದ ಸಂಕೇತಗಳು 2014ರ ಮಾರ್ಚಿಯ ವೈ-ಏರಿಯಾ ಪ್ರಮಾಣದಲ್ಲಿವೆ.

ಕರ್ನಾಟಕದ ಆಡಳಿತ ಈ ಮಾರ್ಗವನ್ನು ಬಹು ಬೇಗ ಹಿಡಿಯಿತು. ‘ಭೂಮಿ’ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರಿಗೆ ಸೇರಿದ 2 ಕೋಟಿಯಷ್ಟು ಪಹಣಿ ದಾಖಲೆಗಳು ಗಣಕೀಕೃತವಾಗಿ, 2002ರ ಹೊತ್ತಿಗೆ ಕೈಬರಹದ ಪಹಣಿ ಹಿಂದೆ ಸರಿಯಿತು. 2023ರ ಜುಲೈ 19ರಂದು ನೋಂದಣಿ ಆರಂಭವಾದ ಗೃಹಲಕ್ಷ್ಮಿ ಯೋಜನೆಯನ್ನು ತೆಗೆದುಕೊಂಡರೆ, ಪಡಿತರ ಚೀಟಿಯಲ್ಲಿ ಯಜಮಾನಿಯೆಂದು ನಮೂದಾದ ಸ್ತ್ರೀಗೆ ತಿಂಗಳಿಗೆ 2,000 ರೂಪಾಯಿ. ಆಕೆಯಾಗಲಿ ಗಂಡನಾಗಲಿ ವರಮಾನ ತೆರಿಗೆಯನ್ನು ಸಲ್ಲಿಸುವವರಾಗಿರಕೂಡದು. ಒಂದು ಸಹಾಯಧನದ ಅರ್ಹತೆಯಲ್ಲಿಯೇ ಇಷ್ಟು ಷರತ್ತುಗಳು ಸೇರಿರುವಾಗ, ನಮೂನೆಯ ಭಾಗಗಳು ತೆರೆಯುವ ಮುಚ್ಚುವ ಬಗೆ ಎಷ್ಟು ಮುಖ್ಯವೆಂಬುದು ಸ್ಪಷ್ಟವಾಗುತ್ತದೆ.

ಈಗ, ಯಾವ ನಿರ್ದಿಷ್ಟ ಯೋಜನೆಯನ್ನೂ ಉದ್ದೇಶಿಸದೆ, ಗೊರವನಹಳ್ಳಿಯಂತಹ ಊರಿನಲ್ಲಿ ಗಂಡ ಬಿಟ್ಟುಹೋದ ಒಬ್ಬ ಹೆಂಗಸನ್ನು ಕಲ್ಪಿಸಿಕೊಳ್ಳೋಣ. ‘ವಿವಾಹಿತೆ’ ಎಂದರೆ ಗಂಡನ ಆಧಾರ್ ಸಂಖ್ಯೆ ಕೇಳುವ ಭಾಗ ತೆರೆಯುತ್ತದೆ. ಆ ಸಂಖ್ಯೆ ಆಕೆಯಲ್ಲಿಲ್ಲ. ‘ವಿಧವೆ’ ಎಂದರೆ ಮರಣಪತ್ರ ಕೇಳುವ ಭಾಗ, ಅದೂ ಇಲ್ಲ. ಆಕೆಯ ಸ್ಥಿತಿಗೆ ಹೊಂದುವ ಆಯ್ಕೆಯನ್ನು ರಚಿಸಿದವರು ನೆನೆಯದಿದ್ದರೆ, ಆಕೆಯ ಮಾತಿಗೆ ತಾವೇ ಇಲ್ಲ. ಕಾಗದದ ಅರ್ಜಿಯಾಗಿದ್ದರೆ ತಿರಸ್ಕಾರವಾದರೂ ಬರುತ್ತಿತ್ತು, ತಿರಸ್ಕಾರದ ಮೇಲೆ ಮನವಿ ಸಲ್ಲುತ್ತಿತ್ತು. ಇಲ್ಲಿ ಅರ್ಜಿಯೇ ಹುಟ್ಟುವುದಿಲ್ಲವಾದುದರಿಂದ ತಿರಸ್ಕಾರವೂ ಇಲ್ಲ. ಗ್ರಾಮ ಒನ್ ಕೇಂದ್ರದಲ್ಲಿ ಆಕೆಯ ಪರವಾಗಿ ನಮೂನೆ ತುಂಬುವವರು ಶಾನುಭೋಗನ ಸ್ಥಾನದಲ್ಲಿ ಕುಳಿತಿದ್ದರೂ, ಅವನಿಗಿದ್ದಂತೆ ಮಡಿಕೆಯನ್ನು ಬಿಚ್ಚುವ ಅಧಿಕಾರ ಅವರಿಗಿಲ್ಲ. ಆ ಅಧಿಕಾರ ಊರನ್ನು ಕಾಣದವರು ಬರೆದಿಟ್ಟ ಷರತ್ತಿಗೆ ಸೇರಿದೆ.

ಹೊಸ ಕ್ರಮದಿಂದ ಆದ ಲಾಭವನ್ನು ನಾವು ಅಲ್ಲಗಳೆಯುವುದಿಲ್ಲ. ಅನಾವಶ್ಯಕವಾದ ಹತ್ತಾರು ಪ್ರಶ್ನೆಗಳ ಭಾರ ತಪ್ಪಿದೆ. ನೊಂದವರ ಮುಂದೆ ನೋವಿನ ಪ್ರಶ್ನೆ ಬಾರದಂತೆ ಮಾಡಬಹುದಾಗಿದೆ. ಪರಸ್ಪರ ವಿರುದ್ಧವಾದ ಉತ್ತರಗಳು ಕಡಮೆಯಾಗಿವೆ. ಷರತ್ತಿನ ಪ್ರಶ್ನೆಯೇ ದೋಷವಲ್ಲ. 1901ರಲ್ಲಿಯೂ ಅದಿತ್ತು. ಅಂದು ಷರತ್ತು ಪ್ರಕಟವಾಗಿತ್ತು, ಇಂದು ಗುಪ್ತವಾಗಿದೆ ಎಂಬುದೇ ವ್ಯತ್ಯಾಸ.

ಇದರಿಂದ ಚರಿತ್ರೆಯ ಅಭ್ಯಾಸಕ್ಕೂ ಒಂದು ತೊಡಕುಂಟು. ಹಳೆಯ ಪಟ್ಟಿಯಲ್ಲಿ ಖಾಲಿ ಉಳಿದ ಕಾಲಂ ಕಂಡರೆ, ಅದರ ತಲೆಬರಹವನ್ನೂ ಗಣತಿದಾರರಿಗೆ ಕೊಟ್ಟ ಸೂಚನೆಯನ್ನೂ ಓದಿ ಅದರ ಅರ್ಥ ಮಾಡಬಹುದು. ಗಣಕದ ದಾಖಲೆಯ ಖಾಲಿ ಮನೆಯಾದರೋ, ಪ್ರಶ್ನೆ ಅನ್ವಯಿಸಲಿಲ್ಲವೇ, ಕೇಳಲೇ ಇಲ್ಲವೇ, ಕೇಳಿದರೂ ಉತ್ತರ ಬರಲಿಲ್ಲವೇ ಎಂಬುದನ್ನು ತಾನಾಗಿ ಹೇಳದು. ಕರ್ನಾಟಕ ರಾಜ್ಯ ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ 2025ರ ಸೆಪ್ಟೆಂಬರ್ 22ರಿಂದ 60 ಪ್ರಶ್ನೆಗಳೊಡನೆ ಮೊಬೈಲ್ ಆ್ಯಪ್ ಮೂಲಕ ನಡೆಯಿತು. 2025ರ ಜೂನಿನಲ್ಲಿ ಅಧಿಸೂಚಿತವಾದ 2027ರ ಜನಗಣತಿಗೂ ಇದೇ ಮಾರ್ಗ ಗೊತ್ತಾಗಿದೆ. ಜನರು ತಾವೇ ವಿವರ ತುಂಬುವುದಕ್ಕೂ ಅದರಲ್ಲಿ ಅವಕಾಶವಿದೆ. ಮುಂದಿನವರು ಮಧುಗಿರಿ, ಪಾವಗಡಗಳ ಸಮಾಜವನ್ನು ಈ ದಾಖಲೆಗಳಿಂದಲೇ ಅರಿಯಬೇಕಾಗುತ್ತದೆ.

ಆದುದರಿಂದ ಎರಡು ಕಾರ್ಯಗಳು ಆಗಬೇಕು. ಸಾರ್ವಜನಿಕ ನಮೂನೆಯೊಂದನ್ನು ಜಾಲತಾಣದಲ್ಲಿ ತೆರೆದಾಗ, ಅದರ ಎಲ್ಲ ಪ್ರಶ್ನೆಗಳೂ ಅವು ತೆರೆಯುವ ಷರತ್ತುಗಳೂ ಒಂದೇ ಕಡೆ ಕನ್ನಡದಲ್ಲಿ ಮುದ್ರಿತವಾಗಿ ದೊರೆಯುವಂತಿರಬೇಕು. ಪಂಚಾಯಿತಿಯ ಗೋಡೆಗೂ ಅದನ್ನು ಅಂಟಿಸಬಹುದು. ಉತ್ತರಗಳನ್ನು ರಕ್ಷಿಸುವ ಪತ್ರಾಗಾರಗಳು ನಮೂನೆಯ ಒಂದೊಂದು ಆವೃತ್ತಿಯನ್ನೂ ಷರತ್ತು ಸಹಿತ, ದಿನಾಂಕ ಸಹಿತ ರಕ್ಷಿಸಬೇಕು. ಯಂತ್ರ ಪ್ರಶ್ನೆಯನ್ನು ಮುಚ್ಚಲಿ. ಮುಚ್ಚಿದ್ದೇನೆಂಬುದು ಮತ್ತು ಏತಕ್ಕೆಂಬುದು ಪ್ರಜೆಗೆ ತಿಳಿದಿರಲಿ. ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ತಂತಮ್ಮ ಊರುಗಳಲ್ಲಿ ಬಳಕೆಯಲ್ಲಿರುವ ನಮೂನೆಗಳ ಷರತ್ತುಗಳನ್ನು ಒಂದೊಂದಾಗಿ ಪಟ್ಟಿ ಮಾಡಿದರೆ, ಅದು ಚರಿತ್ರೆಗೂ ಆಡಳಿತಕ್ಕೂ ಸಮಾನವಾಗಿ ಉಪಯೋಗವಾಗುವ ಕೆಲಸವೆಂದು ನಾವು ಭಾವಿಸುತ್ತೇವೆ.