ಬೇಸ್‌ಬಾಲ್‌ನಲ್ಲಿ ಪಿಚರ್‌ನ ಲೆಕ್ಕ ಬೆಳೆದುಬಂದ ಬಗೆ

ಬೇಸ್‌ಬಾಲ್‌ನಲ್ಲಿ ದಾಂಡಿಗನಿಗೆ ಚೆಂಡೆಸೆಯುವ ಆಟಗಾರನನ್ನು ಪಿಚರ್ ಎನ್ನುತ್ತಾರೆ. ಅವನ ಸಾಧನೆಯನ್ನು ಅಳೆಯುವ ಅಂಕಿಗಳು ಮೇಲುನೋಟಕ್ಕೆ ಬರಿಯ ಎಣಿಕೆಯಂತೆ ಕಂಡರೂ, ಒಂಬತ್ತು ಜನ ಸೇರಿ ಆಡಿದ ಆಟದ ಫಲದಲ್ಲಿ ಒಬ್ಬನ ಪಾಲೆಷ್ಟು ಎಂಬ ತೀರ್ಮಾನ ಅವುಗಳ ಹಿಂದೆ ಇದ್ದೇ ಇರುತ್ತದೆ. ಆ ತೀರ್ಮಾನ ಕಾಲಕಾಲಕ್ಕೆ ಬದಲಾದುದರಿಂದಲೇ ಈ ಅಂಕಿಗಳಲ್ಲಿ ಹಲವು ವೈಚಿತ್ರ್ಯಗಳು ಉಳಿದುಬಂದಿವೆ.

ಈ ಲೆಕ್ಕಕ್ಕೆ ತಳಹದಿ ಹಾಕಿದವನು ಹೆನ್ರಿ ಚಾಡ್ವಿಕ್. 1824ರಲ್ಲಿ ಇಂಗ್ಲೆಂಡಿನ ಎಕ್ಸೆಟರ್‌ನಲ್ಲಿ ಹುಟ್ಟಿ, ಬಾಲ್ಯದಲ್ಲೇ ಅಮೆರಿಕ ಸೇರಿದ ಈತ ಮೊದಲು ಕ್ರಿಕೆಟ್ ವರದಿಗಾರನಾಗಿದ್ದು, ಕ್ರಿಕೆಟ್ಟಿನ ಅಂಕಪಟ್ಟಿಯ ಮಾದರಿಯನ್ನೇ ಬೇಸ್‌ಬಾಲಿಗೂ ಒಗ್ಗಿಸಿದನು. ಎದುರಾಳಿ ದಾಂಡಿನಿಂದ ಸಂಪಾದಿಸಿದ ರನ್ ಬೇರೆ, ಕ್ಷೇತ್ರರಕ್ಷಕರ ತಪ್ಪಿನಿಂದ ದಕ್ಕಿದ ರನ್ ಬೇರೆ ಎಂಬ ವಿವೇಚನೆಯನ್ನು ಬೆಳೆಸಿದವನೂ ಅವನೇ. ಮೊದಲನೆಯ ಬಗೆಯ ರನ್ನುಗಳನ್ನಷ್ಟೇ ಪಿಚರ್‌ನ ಹೊಣೆಗೆ ಸೇರಿಸಿ, ಒಂಬತ್ತು ಇನ್ನಿಂಗ್ಸಿಗೆ ಸರಾಸರಿ ಎಷ್ಟಾಯಿತೆಂದು ತೋರಿಸುವ ‘ಇಆರ್‌ಎ’ ಎಂಬ ಮಾನವನ್ನು ನ್ಯಾಷನಲ್ ಲೀಗ್ 1912ರಲ್ಲೂ ಅಮೆರಿಕನ್ ಲೀಗ್ 1913ರಲ್ಲೂ ಅಧಿಕೃತಗೊಳಿಸಿದವು. ಒಬ್ಬನನ್ನೂ ಔಟ್ ಮಾಡದೆ ಇಂತಹ ಒಂದು ರನ್ ಕೊಟ್ಟವನ ಲೆಕ್ಕದಲ್ಲಿ ಭಾಜಕವೇ ಸೊನ್ನೆಯಾಗುವುದರಿಂದ, ಅವನ ಇಆರ್‌ಎ ಅನಂತವೆಂದು ದಾಖಲಾಗುತ್ತದೆ.

ಇದಕ್ಕಿಂತ ಹಳೆಯದಾದ ಗೆಲುವು–ಸೋಲಿನ ಲೆಕ್ಕ ಇನ್ನೂ ಒರಟಾದುದು. ಇಡೀ ತಂಡದ ಗೆಲುವನ್ನು ಒಬ್ಬ ಪಿಚರ್‌ನ ಹೆಸರಿಗೆ ಬರೆಯುವ ಈ ಪದ್ಧತಿಯಲ್ಲಿ, ಆಟ ಆರಂಭಿಸಿದವನು ಸಾಮಾನ್ಯವಾಗಿ ಐದು ಇನ್ನಿಂಗ್ಸ್ ಪೂರೈಸಿದರೆ ಮಾತ್ರ ಗೆಲುವಿಗೆ ಅರ್ಹನೆಂಬ ನಿಯಮ 1950ರಲ್ಲಿ ಲಿಖಿತ ರೂಪ ಪಡೆಯಿತು. ಅದಕ್ಕೆ ಮುಂಚೆ ಬಹುಮಟ್ಟಿಗೆ ಅಂಕಲೇಖಕರ ವಿವೇಚನೆಯೇ ನಿಯಮವಾಗಿತ್ತು.

1959ರ ಮೇ 26ರಂದು ಮಿಲ್ವಾಕಿಯಲ್ಲಿ ನಡೆದ ಪಂದ್ಯ ಈ ಮಾನಗಳೆಲ್ಲವನ್ನೂ ಒಮ್ಮೆಗೇ ಒರೆಗೆ ಹಚ್ಚಿತು. ಪಿಟ್ಸ್‌ಬರ್ಗ್ ತಂಡದ ಹಾರ್ವಿ ಹ್ಯಾಡಿಕ್ಸ್ 12 ಇನ್ನಿಂಗ್ಸ್‌ಗಳಲ್ಲಿ ಸತತವಾಗಿ 36 ದಾಂಡಿಗರನ್ನು, ಒಬ್ಬನೂ ಮೊದಲ ಬೇಸ್ ತಲುಪದಂತೆ, ಔಟ್ ಮಾಡಿದನು. ಆದರೆ ಅವನ ತಂಡವೂ ರನ್ ಗಳಿಸಿರಲಿಲ್ಲ. 13ನೆಯ ಇನ್ನಿಂಗ್ಸಿನಲ್ಲಿ ಮಿಲ್ವಾಕಿಯ ದಾಂಡಿಗನೊಬ್ಬ ಕ್ಷೇತ್ರರಕ್ಷಕನ ತಪ್ಪೆಸೆತದಿಂದ ಬೇಸ್ ತಲುಪಿ, ಬಳಿಕ ಜೋ ಆಡ್ಕಾಕ್‌ನ ಹೊಡೆತದಿಂದ ರನ್ ಪೂರೈಸಿದ್ದರಿಂದ ಪಂದ್ಯ 1–0ರಲ್ಲಿ ಮುಗಿಯಿತು. ಆ ರನ್ ತಪ್ಪಿನಿಂದ ಬಂದುದಾದ್ದರಿಂದ ಹ್ಯಾಡಿಕ್ಸನ ಇಆರ್‌ಎಗೆ ಸೇರಲಿಲ್ಲ, ಆದರೂ ಸೋಲು ಅವನ ಹೆಸರಿಗೇ ಬಂತು. ಗೆಲುವೋ, 12 ಹಿಟ್‌ಗಳನ್ನು (ದಾಂಡಿಗ ತನ್ನ ಹೊಡೆತದಿಂದಲೇ ಬೇಸ್ ತಲುಪುವ ಸಂದರ್ಭಗಳನ್ನು) ಬಿಟ್ಟುಕೊಟ್ಟಿದ್ದ ಮಿಲ್ವಾಕಿಯ ಲೂ ಬರ್ಡೆಟ್‌ಗೆ ಸಂದಿತು. ಪಂದ್ಯ ಮುಗಿಯುವವರೆಗೂ ಹಿಟ್ ಕೊಡದಿದ್ದರೆ ಮಾತ್ರ ‘ನೋ–ಹಿಟ್ಟರ್’ ಎಂದು 1991ರಲ್ಲಿ ಸಮಿತಿಯೊಂದು ವ್ಯಾಖ್ಯಾನಿಸಿದಾಗ, 32 ವರ್ಷ ಹಿಂದಿನ ಈ ಸಾಧನೆ ಆ ಪಟ್ಟಿಯಿಂದಲೂ ಹೊರಬಿತ್ತು.

511 ಗೆಲುವುಗಳ ದಾಖಲೆ ಹೊಂದಿರುವ ಸೈ ಯಂಗ್‌ನ ಹೆಸರಿನಲ್ಲಿ 1956ರಿಂದ ವರ್ಷದ ಅತ್ಯುತ್ತಮ ಪಿಚರ್‌ಗೆ ಪ್ರಶಸ್ತಿ ನೀಡಲಾಗುತ್ತಿದ್ದು, ಬಹುಕಾಲ ಅದಕ್ಕೆ ಗೆಲುವಿನ ಸಂಖ್ಯೆಯೇ ಮುಖ್ಯ ಆಧಾರವಾಗಿತ್ತು. ಆದರೆ 2018ರಲ್ಲಿ ನ್ಯಾಷನಲ್ ಲೀಗಿನ ಆ ಪ್ರಶಸ್ತಿ, ಕೇವಲ 10 ಗೆಲುವು, 9 ಸೋಲು ಕಂಡಿದ್ದರೂ 1.70 ಇಆರ್‌ಎ ಸಾಧಿಸಿದ್ದ ಜೇಕಬ್ ಡಿಗ್ರಾಮ್‌ಗೆ ದೊರೆಯಿತು. ತಂಡದ ಫಲದಿಂದ ಒಬ್ಬನ ದುಡಿಮೆಯನ್ನು ಬೇರ್ಪಡಿಸಿ ನೋಡಬೇಕೆಂದು ಚಾಡ್ವಿಕ್ ಎತ್ತಿದ ಪ್ರಶ್ನೆಗೆ, ಒಂದೂವರೆ ಶತಮಾನದ ಬಳಿಕ ಈ ಪ್ರಶಸ್ತಿಗೆ ಮತ ಹಾಕುವವರು ನ್ಯಾಯವಾದ ಉತ್ತರವನ್ನೇ ಕೊಟ್ಟರು.